ಎಸ್ಪ್ರೆಸೊ ಮೆಷಿನ್‌ನಲ್ಲಿ ರೂಯಿಬೊಸ್: ಹಾಲಿಗೆ ನಿಲ್ಲುವಷ್ಟು ಗಟ್ಟಿ ಡಿಕಾಕ್ಷನ್ ತೆಗೆಯುವುದು ಹೇಗೆ?

ತುಂಗಾತೀರ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಊಟ ಆದ ಮೇಲೆ ಕಾಫಿ ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ರಾತ್ರಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಬೆಳಗಿನ ಲೋಟಕ್ಕೆ ಅಡ್ಡಿಯಿಲ್ಲವಂತೆ, ಕಷ್ಟ ಇರುವುದು ಸಂಜೆಯದು. ನಮ್ಮ ಮನೆಯಲ್ಲಿ ಐದೂವರೆಗೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುವುದು ತಲೆಮಾರಿನಿಂದ ಬಂದ ರೂಢಿ. ಆ ಹೊತ್ತಿನಲ್ಲಿ ನಾನೊಬ್ಬ ಬಿಸಿನೀರು ಹಿಡಿದು ಕೂರಲು ಮನಸ್ಸು ಒಪ್ಪುತ್ತಿಲ್ಲ.

ಹಿಂದೆ ಆಫೀಸಿನ ಕೆಲಸಕ್ಕೆ ಕೇಪ್‌ಟೌನ್‌ಗೆ ಹೋಗಿದ್ದಾಗ ಅಲ್ಲಿನ ಕೆಫೆಯಲ್ಲಿ ರೆಡ್ ಕ್ಯಾಪುಚಿನೊ ಕುಡಿದಿದ್ದೆ. ರೂಯಿಬೊಸ್ ಅಂದರೆ ದಕ್ಷಿಣ ಆಫ್ರಿಕಾದ ಒಂದು ಗಿಡದ ಎಲೆ, ಕೆಫೀನ್ ಇಲ್ಲ, ಚಹಾದ ಹಾಗೆ ಕುಡಿಯುತ್ತಾರೆ. ಅದನ್ನು ಎಸ್ಪ್ರೆಸೊ ಮೆಷಿನ್‌ನಲ್ಲಿ ಇಳಿಸಿ, ನೊರೆ ಹಾಲು ಹಾಕಿ, ಮೇಲೆ ಜೇನು, ಚಕ್ಕೆ ಪುಡಿ ಉದುರಿಸಿ ಕೊಟ್ಟಿದ್ದರು. ಗಾಢ ಕೆಂಪು, ದಪ್ಪ ರುಚಿ. ಈಗ ಮನೆಯಲ್ಲಿ ಅದನ್ನೇ ಮಾಡಲು ಹೊರಟರೆ ಕೈಗೆ ಹದ ಸಿಗುತ್ತಿಲ್ಲ. ಅಂಗಡಿಯಿಂದ ತಂದ ಎಲೆಯನ್ನು ಹಾಗೇ ಹಾಕಿದರೆ ನೀರು ಸೀದಾ ಸುರಿದುಹೋಗುತ್ತದೆ, ಬಣ್ಣ ತೆಳು, ಹಾಲು ಬೆರೆಸಿದರೆ ರುಚಿಯೇ ಮಾಯ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದರೆ ಮೆಷಿನ್ ಕಟ್ಟಿಕೊಂಡು ತೊಟ್ಟು ತೊಟ್ಟಾಗಿ ಬೀಳುತ್ತದೆ. ಮನೆಗೆ ತರುವ ಸಾಧಾರಣ ಪಂಪ್ ಮೆಷಿನ್, ಡಬ್ಬದ ಮೇಲೆ 15 ಬಾರ್ ಅಂತಿದೆ. ತಿಳಿದವರು ಹೇಳಿ.

ಜಯನಗರ_ಬರಿಸ್ತಾ

ಸರ್, ನಿಮ್ಮ ಮೆಷಿನ್‌ನಲ್ಲಿ ದೋಷವಿಲ್ಲ. ಬಾರ್ ಅಂದರೆ ಒತ್ತಡದ ಅಳತೆ, 15 ಬಾರ್ ಅನ್ನುವುದು ಪಂಪಿನ ಗರಿಷ್ಠ ಸಾಮರ್ಥ್ಯ. ಎಸ್ಪ್ರೆಸೊಗೆ ಬೇಕಿರುವುದು ಸುಮಾರು 9 ಬಾರ್, ಮತ್ತು ಆ ಒತ್ತಡ ಹುಟ್ಟುವುದು ಪುಡಿ ನೀರನ್ನು ತಡೆದಾಗ ಮಾತ್ರ. ಕಾಫಿ ಪುಡಿಯ ಕಣಗಳು ಒತ್ತಿದರೆ ಒಂದಕ್ಕೊಂದು ಕೂಡಿ ಗಟ್ಟಿ ಬಿಲ್ಲೆಯಾಗುತ್ತವೆ. ರೂಯಿಬೊಸ್ ಹಾಗಲ್ಲ. ಸೂಜಿಯಂಥ ಎಲೆ, ಜೊತೆಗೆ ಸಣ್ಣ ಕಡ್ಡಿ. ಒತ್ತಿದರೂ ಸ್ಪ್ರಿಂಗ್ ತರಹ ಮತ್ತೆ ಮೇಲೇಳುತ್ತದೆ, ನಡುವೆ ಸಂದು ಉಳಿಯುತ್ತದೆ, ನೀರು ಆ ಸಂದು ಹಿಡಿದು ಓಡುತ್ತದೆ.

ಪುಡಿಯ ಹದಕ್ಕೆ ಎರಡು ಜರಡಿ ಸಾಕು. ಎಲೆಯನ್ನು ಮಿಕ್ಸಿಯ ಚಿಕ್ಕ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಘಮ ಹೋಗುತ್ತದೆ. ಮೊದಲು ಟೀ ಸೋಸುವ ಜರಡಿಯಲ್ಲಿ ಆಡಿಸಿ. ಮೇಲೆ ಉಳಿದದ್ದು ಮತ್ತೆ ಮಿಕ್ಸಿಗೆ. ಕೆಳಗೆ ಬಿದ್ದದ್ದನ್ನು ಮೈದಾ ಜರಡಿಯಲ್ಲಿ ಆಡಿಸಿ. ಈ ಸಲ ಮೇಲೆ ಉಳಿಯುವುದೇ ನಿಮಗೆ ಬೇಕಾದ ಪುಡಿ, ಮುಟ್ಟಿದರೆ ಚಿರೋಟಿ ರವೆಯ ಹಾಗಿರುತ್ತದೆ. ಕೆಳಗೆ ಬೀಳುವ ದೂಳೇ ಮೆಷಿನ್ ಕಟ್ಟಿಸುವುದು. ಅದನ್ನು ಎಸೆಯಬೇಡಿ, ಪಾತ್ರೆಯಲ್ಲಿ ಕುದಿಸಿ ಕುಡಿಯಬಹುದು.

ಕಾಫಿ ಗ್ರೈಂಡರಿಗೆ ಮಾತ್ರ ಈ ಎಲೆ ಹಾಕಬೇಡಿ. ತುಂಬ ಹಗುರ, ಬ್ಲೇಡಿನ ಕಡೆಗೆ ಇಳಿಯುವುದೇ ಇಲ್ಲ, ಸ್ಟ್ಯಾಟಿಕ್‌ಗೆ ಎಲ್ಲ ಕಡೆ ಅಂಟುತ್ತದೆ, ನಾಳೆ ಕಾಫಿಯಲ್ಲೂ ಅದರದೇ ವಾಸನೆ.

ತುಂಗಾತೀರ (ಬೆಂಗಳೂರು)

ಎರಡು ಜರಡಿಯ ಉಪಾಯ ಚೆನ್ನಾಗಿದೆ. ತೂಕ ಎಷ್ಟು? ಕಾಫಿಗೆ ನಾನು 18 ಗ್ರಾಂ ಹಾಕುತ್ತೇನೆ.

ಜಯನಗರ_ಬರಿಸ್ತಾ

18 ಗ್ರಾಂ ಹಿಡಿಯುವುದಿಲ್ಲ ಸರ್. ಅದೇ ಬಾಸ್ಕೆಟ್‌ಗೆ (ಪುಡಿ ತುಂಬುವ ತೂತಿನ ಬಟ್ಟಲು) ರೂಯಿಬೊಸ್ ಪುಡಿ 12-13 ಗ್ರಾಂ ಹಾಕುವಷ್ಟರಲ್ಲಿ ತುಂಬಿರುತ್ತದೆ. ಮೇಲೆ ಒಂದಿಷ್ಟು ಜಾಗ ಬಿಡಿ, ಯಾಕೆಂದರೆ ಎಲೆ ನೀರು ಕುಡಿದು ಊದಿಕೊಳ್ಳುತ್ತದೆ. ಪುಡಿ ಒತ್ತುವ ಟ್ಯಾಂಪರ್‌ನಲ್ಲಿ ಸಮ ಮಾಡಿ ಒಮ್ಮೆ ಗಟ್ಟಿಯಾಗಿ ಒತ್ತಿ. ಪೋರ್ಟಾಫಿಲ್ಟರ್ (ಬಾಸ್ಕೆಟ್ ಕೂರುವ ಹಿಡಿ) ಮೆಷಿನ್‌ಗೆ ಸಿಕ್ಕಿಸಿ, ಪಂಪ್ ಮೂರ್ನಾಲ್ಕು ಸೆಕೆಂಡ್ ಓಡಿಸಿ ನಿಲ್ಲಿಸಿ. ಹತ್ತು ಸೆಕೆಂಡ್ ತಾಳಿ. ಒದ್ದೆಯಾದ ಎಲೆ ಅರಳಿ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆಮೇಲೆ ಪೂರ್ತಿ ಓಡಿಸಿ 50-60 ಮಿ.ಲೀ. ತೆಗೆಯಿರಿ. ಅರ್ಧ ನಿಮಿಷದ ಆಸುಪಾಸಿನಲ್ಲಿ ಇಳಿದರೆ ಸರಿ. ಇನ್ನೂ ಬೇಗ ಇಳಿದರೆ ಪುಡಿ ಇನ್ನಷ್ಟು ಸಣ್ಣ ಮಾಡಿ, ಕಟ್ಟಿಕೊಂಡರೆ ದೂಳು ಇನ್ನಷ್ಟು ತೆಗೆಯಿರಿ.

ಇಷ್ಟು ತಾಪತ್ರಯ ಬೇಡ ಅಂದರೆ ಮೆಷಿನ್ ಜೊತೆ ಬಂದಿರುವ ಎರಡು ತಳದ ಬಾಸ್ಕೆಟ್ ಹುಡುಕಿ. ಒಳಗಡೆ ತುಂಬ ತೂತು, ಹೊರಗಡೆ ಒಂದೇ ಸಣ್ಣ ತೂತು ಇರುತ್ತದೆ. ಅದರಲ್ಲಿ ನೀರನ್ನು ತಡೆಯುವುದು ಆ ಒಂದು ತೂತು, ಹಾಗಾಗಿ ಪುಡಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಕಾಫಿ ಪರಿಣತರು ಆ ಬಾಸ್ಕೆಟ್ ಕಂಡರೆ ಮೂಗು ಮುರಿಯುತ್ತಾರೆ, ಆದರೆ ರೂಯಿಬೊಸ್‌ಗೆ ನನ್ನ ಮಟ್ಟಿಗೆ ಅದೇ ಸರಿಯಾದದ್ದು.

ಟೇಬಲ್‌ಮೌಂಟನ್_ಕನ್ನಡತಿ (ಕೇಪ್‌ಟೌನ್)

ನಮ್ಮೂರಿನ ಪಾನೀಯದ ಬಗ್ಗೆ ಕನ್ನಡದಲ್ಲಿ ಇಷ್ಟು ವಿವರವಾಗಿ ಮಾತಾಡುತ್ತಿರುವುದು ನೋಡಿ ತುಂಬ ಖುಷಿಯಾಯಿತು. ಮದುವೆಯಾಗಿ ಬಂದಾಗಿನಿಂದ ಇಲ್ಲೇ ಇದ್ದೇನೆ, ಹಾಗಾಗಿ ಈ ಎಲೆಯ ಊರಿನ ಕಥೆ ಸ್ವಲ್ಪ ಹೇಳಲೇ?

ಕೇಪ್‌ಟೌನ್‌ನಿಂದ ಉತ್ತರಕ್ಕೆ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಕ್ಲಾನ್‌ವಿಲಿಯಂ ಅನ್ನುವ ಊರು. ಅದರ ಬೆನ್ನಿಗೆ ಸೀಡರ್‌ಬರ್ಗ್ ಬೆಟ್ಟಸಾಲು. ರೂಯಿಬೊಸ್ ಬೆಳೆಯುವುದು ಅಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ. ಮರಳು ಮಣ್ಣು, ಹುಳಿ ಗುಣದ್ದು. ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಉರಿಯುತ್ತದೆ. ಬೇರೆ ದೇಶಗಳಲ್ಲಿ ನೆಟ್ಟು ನೋಡಿದವರಿದ್ದಾರೆ, ವ್ಯಾಪಾರದ ಮಟ್ಟಕ್ಕೆ ಬೆಳೆ ನಿಂತಿರುವುದು ಇಲ್ಲಿ ಮಾತ್ರ. ಗಿಡ ನಮ್ಮ ತೊಗರಿ, ಹುರುಳಿಯ ಕುಟುಂಬಕ್ಕೆ ಸೇರಿದ್ದು, ಹಳದಿ ಹೂ ಬಿಡುತ್ತದೆ, ಚಹಾ ಗಿಡಕ್ಕೆ ಸಂಬಂಧವೇ ಇಲ್ಲ. ಕೆಫೀನ್ ಇಲ್ಲದಿರುವುದು ಅದಕ್ಕೇ. ಯಾರೂ ತೆಗೆದದ್ದಲ್ಲ, ಗಿಡದಲ್ಲಿ ಮೊದಲಿನಿಂದ ಇಲ್ಲ.

ಬೇಸಿಗೆಯಲ್ಲಿ, ಅಂದರೆ ಇಲ್ಲಿನ ಜನವರಿಯಿಂದ ಏಪ್ರಿಲ್ ಒಳಗೆ ಕೊಂಬೆ ಕೊಯ್ಯುತ್ತಾರೆ. ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕುತ್ತಾರೆ. ಹಸಿರಿದ್ದದ್ದು ರಾತ್ರಿ ಕಳೆಯುವುದರೊಳಗೆ ಕೆಂಪಾಗಿ ಜೇನಿನ ವಾಸನೆ ಹಿಡಿಯುತ್ತದೆ. ಮರುದಿನ ದೊಡ್ಡ ಅಂಗಳದಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಆ ಅಂಗಳದ ಪಕ್ಕದ ರಸ್ತೆಯಲ್ಲಿ ಕಾರಿನ ಗಾಜು ಇಳಿಸಿದರೆ ಸಾಕು, ಘಮ ಒಳಗೆ ಬರುತ್ತದೆ.

ಎಸ್ಪ್ರೆಸೊ ಮಾಡುವ ಯೋಚನೆ ಬಂದದ್ದು ಕಾರ್ಲ್ ಪ್ರಿಟೋರಿಯಸ್ ಅನ್ನುವ ರೂಯಿಬೊಸ್ ರೈತನಿಗೆ, 2005ರಲ್ಲಿ. ದಿನವಿಡೀ ಕಾಫಿ ಕುಡಿಯುವವರು, ಕೆಫೀನ್ ಕಡಿಮೆ ಮಾಡಬೇಕಿತ್ತು, ಆದರೆ ಎಸ್ಪ್ರೆಸೊದ ಗಟ್ಟಿತನ ಬಿಡಲು ಇಷ್ಟವಿರಲಿಲ್ಲ. ತಮ್ಮದೇ ಎಲೆಯನ್ನು ಪುಡಿ ಮಾಡಿ ಮೆಷಿನ್‌ಗೆ ಹಾಕಿದರು. ಅದು 'ರೆಡ್ ಎಸ್ಪ್ರೆಸೊ' ಹೆಸರಿನಲ್ಲಿ ಮಾರಾಟಕ್ಕೆ ಬಂತು. ಈಗ ಇಲ್ಲಿ ಎಷ್ಟೋ ಕೆಫೆಗಳ ಮೆನುವಿನಲ್ಲಿ ರೆಡ್ ಕ್ಯಾಪುಚಿನೊ, ರೆಡ್ ಲಾಟೆ ಕಾಣಿಸುತ್ತವೆ. ಎಸ್ಪ್ರೆಸೊಗೆಂದೇ ಪುಡಿ ಮಾಡಿದ ಎಲೆ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತದೆ.

ಮೂಡಿಗೆರೆ_ತೋಟ

ಕಾಫಿ ಬೆಳೆಗಾರನಾಗಿ ಒಂದು ಮಾತು. ನಾನು ರೂಯಿಬೊಸ್ ವಿರೋಧಿ ಅಲ್ಲ, ತಂಗಿಯ ಮನೆಯಲ್ಲಿ ಕುಡಿದು ಮೆಚ್ಚಿದ್ದೇನೆ. ಆದರೆ ಇದನ್ನು ಕಾಫಿಯ ಜಾಗದಲ್ಲಿ ಕೂರಿಸಿ ಕಾಫಿಯ ರುಚಿ ಹುಡುಕಿದರೆ ಇಬ್ಬರಿಗೂ ಅನ್ಯಾಯ.

ಕಾಫಿ ಬೀಜ ಹುರಿದಾಗ ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ, ಎಣ್ಣೆ ಮೇಲೆ ಬರುತ್ತದೆ, ಕಹಿ ಹುಟ್ಟುತ್ತದೆ. ಒತ್ತಡದ ಬಿಸಿನೀರು ಆ ಅನಿಲವನ್ನು ಹೊರಗೆ ತಂದಾಗ ಎಸ್ಪ್ರೆಸೊ ಮೇಲೆ ನಿಲ್ಲುವ ನೊರೆಯೇ ಕ್ರೆಮಾ. ರೂಯಿಬೊಸ್ ಹುರಿದದ್ದಲ್ಲ, ಅದರಲ್ಲಿ ಅನಿಲವೂ ಇಲ್ಲ, ಅಂಥ ಎಣ್ಣೆಯೂ ಇಲ್ಲ. ಮೇಲೆ ಬರುವ ಹೊಂಬಣ್ಣದ ನೊರೆ ಒತ್ತಡಕ್ಕೆ ಏಳುವಂಥದ್ದು, ನೋಡಲು ಚೆಂದ, ಬೇಗ ಇಳಿದುಹೋಗುತ್ತದೆ. ನೊರೆ ನಿಲ್ಲಲಿಲ್ಲ ಅಂತ ಪುಡಿಯ ಮೇಲೆ, ಮೆಷಿನ್ ಮೇಲೆ ಸಿಟ್ಟಾಗಬೇಡಿ.

ಕಹಿಯೂ ಅಷ್ಟೇ. ಬರುವುದಿಲ್ಲ. ಬರುವುದು ಒಂದು ಸಿಹಿ, ಮರದ ಘಮ, ಜೇನಿನ ಹಿಂದಿನ ರುಚಿ. ಅದನ್ನು ಅದಾಗಿಯೇ ಇಷ್ಟಪಟ್ಟರೆ ಒಳ್ಳೆಯ ಪಾನೀಯ.

ತುಂಗಾತೀರ (ಬೆಂಗಳೂರು)

ಮೂಡಿಗೆರೆಯವರೇ, ಒಪ್ಪುತ್ತೇನೆ. ನನಗೆ ಬೇಕಿರುವುದು ಕಾಫಿಯ ರುಚಿ ಅಲ್ಲ, ಕಾಫಿಯ ತೂಕ. ಬಾಯಿಗೆ ನೀರು ನೀರಾಗಿ ಹತ್ತಬಾರದು, ಹಾಲು ಬೆರೆಸಿದ ಮೇಲೂ ಅದು ಇದೆ ಅಂತ ಗೊತ್ತಾಗಬೇಕು. ಎಸ್ಪ್ರೆಸೊ ಮೆಷಿನ್ ಹಿಂದೆ ಬಿದ್ದಿರುವುದು ಅದಕ್ಕಾಗಿ.

ಕರಾವಳಿ_ಕಷಾಯ (ಉಡುಪಿ)

ಕೆಫೀನ್ ಬೇಡ ಅಂದರೆ ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಹುರಿದು ಪುಡಿ ಮಾಡಿದ ಕಷಾಯ ನಮ್ಮಲ್ಲಿ ಮನೆಮನೆಯಲ್ಲೂ ಉಂಟಲ್ಲ ಮಾರಾಯ್ರೆ? ಬೆಲ್ಲ, ಹಾಲು ಹಾಕಿ ಕುದಿಸಿದರೆ ಎಂಥ ಚಂದ. ಆಫ್ರಿಕಾದಿಂದ ಎಲೆ ತರಿಸಿ ಇಷ್ಟೆಲ್ಲ ಕಷ್ಟಪಡುವುದು ಯಾಕೆ ಅಂತ ನಿಜವಾಗಿಯೂ ಕೇಳ್ತಿದ್ದೇನೆ.

ತುಂಗಾತೀರ (ಬೆಂಗಳೂರು)

ಕಷಾಯ ನನಗೂ ಇಷ್ಟ, ಶೀತ ಆದಾಗ ಅದನ್ನೇ ಕುಡಿಯುವುದು. ಆದರೆ ಅದರ ಧನಿಯಾ ಜೀರಿಗೆ ಘಾಟು ಊಟದ ನೆನಪು ತರುತ್ತದೆ. ದಿನಾ ಸಂಜೆ ತಿಂಡಿಯ ಜೊತೆ ಕುಡಿಯಲು ಅದಕ್ಕಿಂತ ಮೆದುವಾದದ್ದು ಬೇಕೆನಿಸುತ್ತದೆ. ರುಚಿಯ ವಿಷಯ, ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ.

ಧಾರವಾಡ_ಫೇಡೆ

ನಮ್ಮ ಮನ್ಯಾಗ ಮೆಷಿನ್ ಇಲ್ರಿ. ಸ್ಟೀಲ್ ಕಾಫಿ ಫಿಲ್ಟರ್ ಐತಿ, ಅದರಾಗ ಈ ಎಲಿ ಹಾಕಿದ್ರ ಆಗ್ತದೇನ್ರಿ? ಯಾರರ ಮಾಡಿ ನೋಡೀರೇನು?

ಮಲ್ಲೇಶ್ವರಂ_ಡಿಕಾಕ್ಷನ್

ನಾನು ಮಾಡುವುದು ಫಿಲ್ಟರಿನಲ್ಲೇ. ಬರೀ ರೂಯಿಬೊಸ್ ಹಾಕಿದರೆ ಒಳ್ಳೆಯ ಫಲಿತಾಂಶ ಬರುವುದಿಲ್ಲ. ಫಿಲ್ಟರಿನಲ್ಲಿ ಒತ್ತಡ ಇಲ್ಲ, ನೀರು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಸೂಜಿ ಎಲೆಯ ಮಧ್ಯೆ ಸಲೀಸಾಗಿ ಇಳಿದುಬಿಡುತ್ತದೆ, ಕೆಳಗೆ ತೆಳು ಟೀ ಸಿಗುತ್ತದೆ.

ಇದಕ್ಕೆ ಚಿಕೋರಿ ಬಹಳ ಚೆನ್ನಾಗಿ ಒದಗುತ್ತದೆ. ಚಿಕೋರಿ ಅಂದರೆ ಹುರಿದ ಬೇರು, ಅದರಲ್ಲೂ ಕೆಫೀನ್ ಇಲ್ಲ. ನೀರು ತಾಗಿದರೆ ಅಂಟಂಟಾಗಿ ಊದಿಕೊಂಡು ನೀರಿಗೆ ತಡೆ ಕೊಡುತ್ತದೆ. ಚಿಕೋರಿ ಬೆರೆತ ಕಾಫಿ ಪುಡಿಯ ಡಿಕಾಕ್ಷನ್ ನಿಧಾನವಾಗಿ ಗಟ್ಟಿಯಾಗಿ ಇಳಿಯುವುದಕ್ಕೂ ಇದೇ ಕಾರಣ. ನಾಲ್ಕು ಚಮಚ ರೂಯಿಬೊಸ್ ಪುಡಿಗೆ ಒಂದು ಚಮಚ ಶುದ್ಧ ಚಿಕೋರಿ ಬೆರೆಸಿ. ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿ ಒತ್ತುಬಿಲ್ಲೆಯಿಂದ ಗಟ್ಟಿಯಾಗಿ ಒತ್ತಿ, ಕುದಿಯುವ ನೀರನ್ನು ಮೊದಲು ಒದ್ದೆಯಾಗುವಷ್ಟು ಮಾತ್ರ ಹಾಕಿ. ಒಂದೆರಡು ನಿಮಿಷ ಬಿಟ್ಟು ಉಳಿದದ್ದು. ಕಾಫಿಯಷ್ಟು ಹೊತ್ತು ಹಿಡಿಯುವುದಿಲ್ಲ, ಆದರೆ ಬೀಳುವ ಡಿಕಾಕ್ಷನ್ ಕಪ್ಪು ಕೆಂಪಾಗಿ ಗಟ್ಟಿಯಾಗಿರುತ್ತದೆ. ಚಿಕೋರಿಯ ಕಹಿ ಸೇರುವುದರಿಂದ ಕಾಫಿ ನಾಲಿಗೆಗೂ ಸಮಾಧಾನ. ಬಿಸಿ ಹಾಲು, ಸ್ವಲ್ಪ ಬೆಲ್ಲ ಹಾಕಿ ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದರೆ ನೊರೆಯೂ ಬರುತ್ತದೆ.

ಅಂಗಡಿಯಲ್ಲಿ ಚಿಕೋರಿ ಕೇಳುವಾಗ ಕಾಫಿ ಬೆರೆಸದ್ದು ಅಂತ ಖಚಿತಪಡಿಸಿಕೊಳ್ಳಿ. ಕಾಫಿ ಪುಡಿ ಮಾಡಿಸುವ ಅಂಗಡಿಗಳಲ್ಲಿ ಬರೀ ಚಿಕೋರಿ ತೂಕಕ್ಕೆ ಕೊಡುತ್ತಾರೆ.

ಜಯನಗರ_ಬರಿಸ್ತಾ

ಮೇಲಿನ ಚಿಕೋರಿ ಉಪಾಯ ಫಿಲ್ಟರಿಗೆ ಮಾತ್ರ ಇಟ್ಟುಕೊಳ್ಳಿ. ಎಸ್ಪ್ರೆಸೊ ಮೆಷಿನ್‌ಗೆ ಚಿಕೋರಿ ಬೇಡವೇ ಬೇಡ, ಅಂಟು ಕಟ್ಟಿಕೊಂಡು ಜಾಲರಿ ಮುಚ್ಚಿಹೋಗುತ್ತದೆ. ಕಹಿ ಬೇಕಿದ್ದರೆ ಚಿಕೋರಿಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಕರಗಿಸಿ ಸೋಸಿ, ಇಳಿಸಿದ ರೂಯಿಬೊಸ್‌ಗೆ ಒಂದು ಚಮಚ ಸೇರಿಸಿ.

ಒಲೆಯ ಮೇಲಿಟ್ಟು ಹಬೆಯ ಒತ್ತಡದಲ್ಲಿ ಕಾಫಿ ಇಳಿಸುವ ಮೋಕಾ ಪಾಟ್ ಇರುವವರಿಗೂ ಒಂದು ಮಾತು. ಅದರಲ್ಲಿ ಒತ್ತಡ ಒಂದೂವರೆ ಬಾರ್ ಆಸುಪಾಸು, ಎಸ್ಪ್ರೆಸೊದ ಆರನೇ ಒಂದು ಪಾಲು. ಅಲ್ಲಿ ಪುಡಿ ಒತ್ತಬಾರದು, ಬಾಸ್ಕೆಟ್ ತುಂಬ ಸಡಿಲವಾಗಿ ತುಂಬಿ, ಉರಿ ಸಣ್ಣಗಿರಲಿ. ಎಸ್ಪ್ರೆಸೊಗಿಂತ ತೆಳು ಬರುತ್ತದೆ, ಫಿಲ್ಟರಿನ ಬರೀ ರೂಯಿಬೊಸ್‌ಗಿಂತ ಗಟ್ಟಿ. ಟೀ ಬ್ಯಾಗಿನೊಳಗೆ ತುಂಬುವ ರೂಯಿಬೊಸ್ ಮೊದಲೇ ಸಣ್ಣಗೆ ಕತ್ತರಿಸಿದ್ದಾದ್ದರಿಂದ ಬ್ಯಾಗ್ ಬಿಚ್ಚಿ ಸುರಿದರೆ ಮೋಕಾ ಪಾಟಿಗೆ ಮಿಕ್ಸಿ ಕೆಲಸವೇ ಇಲ್ಲ.

ಧಾರವಾಡ_ಫೇಡೆ

ಚಿಕೋರಿ ಮನ್ಯಾಗ ಇಲ್ಲ, ನಾಳೆ ತರ್ತೀನ್ರಿ. ಈಗಿಂದೀಗ ಒಂದು ಕಪ್ ಬೇಕಂದ್ರ?

ಟೇಬಲ್‌ಮೌಂಟನ್_ಕನ್ನಡತಿ (ಕೇಪ್‌ಟೌನ್)

ಅಕ್ಕ, ಪಾತ್ರೆಯಲ್ಲಿ ಕುದಿಸಿಬಿಡಿ. ಚಹಾ ಸೊಪ್ಪು ಹೆಚ್ಚು ಕುದಿಸಿದರೆ ಒಗರು ಬರುತ್ತದೆ, ಇದಕ್ಕೆ ಆ ಭಯವಿಲ್ಲ. ಟ್ಯಾನಿನ್ ತುಂಬ ಕಡಿಮೆ. ಇಲ್ಲಿನ ಹಳೆಯ ಮನೆಗಳಲ್ಲಿ ಕೆಟಲ್ ಒಲೆಯ ಮೇಲೆ ಗಂಟೆಗಟ್ಟಲೆ ಇರುತ್ತಿತ್ತಂತೆ. ಎರಡು ದೊಡ್ಡ ಚಮಚ ಎಲೆಗೆ ಒಂದು ಲೋಟ ನೀರು, ಸಣ್ಣ ಉರಿಯಲ್ಲಿ ಅರ್ಧ ಲೋಟಕ್ಕೆ ಇಳಿಯುವವರೆಗೆ ಕುದಿಸಿ ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆ ಇಲ್ಲದೆ ಜರಡಿಯಲ್ಲಿ ಸೋಸಿದರೆ ಸೂಜಿ ಎಲೆ ಬಾಯಿಗೆ ಸಿಗುತ್ತದೆ. ನಿಜ ಹೇಳಬೇಕೆಂದರೆ ಮೆಷಿನ್ ಕೊಡುವ ಗಟ್ಟಿತನದ ಬಹುಪಾಲು ಇದರಲ್ಲೇ ಸಿಗುತ್ತದೆ, ನೊರೆ ಒಂದು ಬಿಟ್ಟು.

ಹಾಸನದ_ಸೊಸೆ

ನಾನೀಗ ಐದು ತಿಂಗಳ ಬಸುರಿ. ಕಾಫಿ ಕಡಿಮೆ ಮಾಡಲು ಹೇಳಿದ್ದಾರೆ. ಡಿಕಾಫ್ ಕಾಫಿ ಒಳ್ಳೆಯದೋ ಇದು ಒಳ್ಳೆಯದೋ? ಕಬ್ಬಿಣದ ಮಾತ್ರೆಯೂ ತೆಗೆದುಕೊಳ್ಳುತ್ತಿದ್ದೇನೆ. ಅತ್ತೆಯವರು ಯಾವುದೋ ಗೊತ್ತಿಲ್ಲದ ಸೊಪ್ಪು ಬೇಡ ಅನ್ನುತ್ತಿದ್ದಾರೆ.

ಮೈಸೂರು_ವೈದ್ಯೆ

ನಿಮ್ಮ ಅತ್ತೆಯವರ ಎಚ್ಚರಿಕೆ ಒಳ್ಳೆಯದೇ ಅಮ್ಮ. ಬಸುರಿಯಾಗಿದ್ದಾಗ ಹೊಸದಾಗಿ ಯಾವುದೇ ಸೊಪ್ಪು, ಬೇರು ಶುರು ಮಾಡುವ ಮೊದಲು ನಿಮ್ಮನ್ನು ನೋಡುತ್ತಿರುವ ಡಾಕ್ಟರನ್ನು ಒಂದು ಮಾತು ಕೇಳಿ. ಅಷ್ಟು ಹೇಳಿ ವಿವರಕ್ಕೆ ಬರುತ್ತೇನೆ.

ಬಸುರಿಯರಿಗೆ ದಿನಕ್ಕೆ 200 ಮಿ.ಗ್ರಾಂ. ಕೆಫೀನ್ ಒಳಗಿರಲಿ ಅನ್ನುವುದು ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆಯ ಮತ್ತು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ. ಇತರ ಆರೋಗ್ಯವಂತರಿಗೆ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಮಾರ್ಗಸೂಚಿಯಲ್ಲಿ 300 ಮಿ.ಗ್ರಾಂ. ಎಂದಿದೆ. ಅದೇ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿ.ಗ್ರಾಂ. ಇರುತ್ತದೆ. ಹಾಗಾಗಿ ಬೆಳಿಗ್ಗೆ ಒಂದು ಸಣ್ಣ ಲೋಟ ಕಾಫಿ ನಿಮ್ಮ ಮಿತಿಯೊಳಗೇ ಬರುತ್ತದೆ. ಚಹಾ, ಕೋಲಾ, ಚಾಕೊಲೇಟ್ ಲೆಕ್ಕವನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ಡಿಕಾಫ್ ಅಂದರೆ ಕೆಫೀನ್ ತೆಗೆದ ಕಾಫಿ, ಪೂರ್ತಿ ಶೂನ್ಯವಲ್ಲ. ಒಂದು ಕಪ್‌ನಲ್ಲಿ ಕೆಲವು ಮಿ.ಗ್ರಾಂ. ಉಳಿದಿರುತ್ತದೆ. ಬಹುತೇಕರಿಗೆ ಅದರಿಂದ ತೊಂದರೆ ಇಲ್ಲ. ರೂಯಿಬೊಸ್‌ನಲ್ಲಿ ಅದೂ ಇಲ್ಲ.

ಕಬ್ಬಿಣಾಂಶದ ವಿಷಯ. ಚಹಾದ ಟ್ಯಾನಿನ್ ಕಬ್ಬಿಣ ಹೀರುವಿಕೆಗೆ ಅಡ್ಡ ಬರುತ್ತದೆ. 1979ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರೋಗ್ಯವಂತ ಯುವಕರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ನೀರಿನ ಜೊತೆ ಶೇ. 9.34, ರೂಯಿಬೊಸ್ ಜೊತೆ ಶೇ. 7.25, ಚಹಾ ಜೊತೆ ಶೇ. 1.70 ಕಬ್ಬಿಣಾಂಶ ಹೀರಲ್ಪಟ್ಟಿತ್ತು. ಚಹಾಕ್ಕಿಂತ ಬಹಳ ಮೇಲು ಎಂದು ಇದರಿಂದ ಹೇಳಬಹುದು. ಆದರೆ ಅಲ್ಲಿ ಕೊಟ್ಟದ್ದು ಸಾಧಾರಣ ರೂಯಿಬೊಸ್, ನೀವು ಮಾತಾಡುತ್ತಿರುವುದು ಗಟ್ಟಿ ಡಿಕಾಕ್ಷನ್, ಮೇಲೆ ಹಾಲು ಬೇರೆ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡಿ. ಮಾತ್ರೆಗೂ ಈ ಲೋಟಕ್ಕೂ ಒಂದೆರಡು ಗಂಟೆ ಅಂತರವಿರಲಿ.

ಇನ್ನೊಂದು ಎಚ್ಚರಿಕೆ. ರೂಯಿಬೊಸ್ ಕುಡಿದವರಲ್ಲಿ ಲಿವರ್ ತೊಂದರೆ ಕಂಡ ಬೆರಳೆಣಿಕೆಯ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಬಹಳ ಅಪರೂಪ. ಆದರೂ ಲಿವರ್ ಕಾಯಿಲೆ ಇರುವವರು, ಕೊಲೆಸ್ಟರಾಲ್ ಮಾತ್ರೆ ಅಥವಾ ಕ್ಯಾನ್ಸರ್ ಔಷಧ ತೆಗೆದುಕೊಳ್ಳುವವರು ದಿನಕ್ಕೆ ಹಲವು ಲೋಟ ಗಟ್ಟಿ ರೂಯಿಬೊಸ್ ಕುಡಿಯುವ ಮುನ್ನ ಡಾಕ್ಟರಿಗೆ ಹೇಳಬೇಕು.

ಟೇಬಲ್‌ಮೌಂಟನ್_ಕನ್ನಡತಿ (ಕೇಪ್‌ಟೌನ್)

ಡಾಕ್ಟರ್ ಮೇಡಂ, ಇಲ್ಲಿ ಕೂಸುಗಳಿಗೂ ಇದನ್ನು ಕುಡಿಸುತ್ತಾರೆ. ಅನ್ನೆಕೆ ಥೆರಾನ್ ಅನ್ನುವ ತಾಯಿ 1968ರಲ್ಲಿ ತಮ್ಮ ಅಳುವ ಮಗುವಿಗೆ ರೂಯಿಬೊಸ್ ಬೆರೆಸಿದ ಹಾಲು ಕೊಟ್ಟು ಸಮಾಧಾನವಾದದ್ದನ್ನು ಎಲ್ಲೆಡೆ ಹೇಳಿದ ಮೇಲೆ ಇದು ಇನ್ನಷ್ಟು ಜನಪ್ರಿಯವಾಯಿತು. ಅದರ ಬಗ್ಗೆ ಏನಂತೀರಿ?

ಮೈಸೂರು_ವೈದ್ಯೆ

ಆ ತಾಯಿಯ ಅನುಭವಕ್ಕೆ ಗೌರವವಿದೆ, ಆದರೆ ಒಂದು ಮನೆಯ ಅನುಭವ ಚಿಕಿತ್ಸೆಯ ಆಧಾರವಾಗುವುದಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ನೀರೂ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಓದುಗರು ಅದನ್ನೇ ಪಾಲಿಸಲಿ. ಆಂಟಿಆಕ್ಸಿಡೆಂಟ್ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಈ ಗಿಡದಲ್ಲಿ ಆಸ್ಪಲಾಥಿನ್ ಅನ್ನುವ ವಿಶೇಷ ಅಂಶವಿದೆ, ಅದರ ಮೇಲೆ ಪ್ರಯೋಗಾಲಯದ ಕೆಲಸ ಬಹಳ ನಡೆದಿದೆ. ಕೆಂಪು ರೂಯಿಬೊಸ್ ಮಾಡುವಾಗ ಅದರ ಹೆಚ್ಚಿನ ಪಾಲು ಹೋಗುತ್ತದೆ, ರಾಶಿ ಹಾಕದೆ ಒಣಗಿಸಿದ ಹಸಿರು ರೂಯಿಬೊಸ್‌ನಲ್ಲಿ ಉಳಿಯುತ್ತದೆ. ಕಾಯಿಲೆ ವಾಸಿಯಾಗುತ್ತದೆ ಅಂತ ನಂಬಿ ಯಾರೂ ಇದನ್ನು ಕುಡಿಯಬೇಡಿ. ಸಂಜೆ ಖುಷಿಗೆ ಕುಡಿಯಿರಿ, ರಾತ್ರಿ ನಿದ್ದೆ ಬರುತ್ತದೆ, ಆ ಲಾಭವೇ ದೊಡ್ಡದು.

ಮೂಡಿಗೆರೆ_ತೋಟ

ಕೇಪ್‌ಟೌನ್ ಸಹೋದರಿಗೆ ಒಂದು ಪ್ರಶ್ನೆ. ಈ ಬೆಳೆ ಕಾಡಿನಿಂದ ತೋಟಕ್ಕೆ ಬಂದದ್ದು ಹೇಗೆ? ಅದರ ಲಾಭ ಅಲ್ಲಿನ ಮೂಲ ಜನರಿಗೆ ಸಿಗುತ್ತದೆಯೇ? ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಬಂದಾಗಿನಿಂದ ಈ ವಿಷಯ ನನಗೆ ಕುತೂಹಲ.

ಟೇಬಲ್‌ಮೌಂಟನ್_ಕನ್ನಡತಿ (ಕೇಪ್‌ಟೌನ್)

ಅಣ್ಣ, ಒಳ್ಳೆಯ ಪ್ರಶ್ನೆ. ಈ ಎಲೆಯ ಬಳಕೆ ಗೊತ್ತಿದ್ದದ್ದು ಇಲ್ಲಿನ ಮೂಲ ನಿವಾಸಿಗಳಾದ ಖೋಯ್ ಮತ್ತು ಸಾನ್ ಜನರಿಗೆ. ಬೆಟ್ಟದಿಂದ ಕಡಿದು, ಸುತ್ತಿಗೆಯಲ್ಲಿ ಜಜ್ಜಿ, ಬಿಸಿಲಿಗೆ ಒಣಗಿಸಿ ಕತ್ತೆಗಳ ಮೇಲೆ ಹೇರಿ ತರುತ್ತಿದ್ದರು. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ಬೆಂಜಮಿನ್ ಗಿನ್ಸ್‌ಬರ್ಗ್ 1904ರಲ್ಲಿ ಅವರಿಂದ ಕೊಂಡು ಮಾರಲು ಶುರು ಮಾಡಿದರು. ತೋಟದ ಬೆಳೆಯಾದದ್ದು 1930ರ ಹೊತ್ತಿಗೆ, ಕ್ಲಾನ್‌ವಿಲಿಯಂನ ವೈದ್ಯ ಲೆ ಫ್ರಾಸ್ ನಾರ್ಟಿಯೆ ಅವರಿಂದ. ದೊಡ್ಡ ಕಷ್ಟ ಬೀಜದ್ದು. ಕಾಯಿ ಒಣಗಿ ಸಿಡಿದಾಗ ಸಣ್ಣ ಬೀಜ ಮರಳಿಗೆ ಹಾರಿಹೋಗುತ್ತದೆ. ಸಿಕ್ಕರೂ ಸಿಪ್ಪೆ ಗಟ್ಟಿ, ಮೊಳೆಯುವುದಿಲ್ಲ. ಇರುವೆಗಳು ಬೀಜ ಎಳೆದುಕೊಂಡು ಹೋಗುವುದನ್ನು ಗಮನಿಸಿದ ಸ್ಥಳೀಯ ಹೆಣ್ಣುಮಗಳೊಬ್ಬಳು ಇರುವೆಗೂಡಿನಿಂದ ಬೀಜ ತೆಗೆದುಕೊಟ್ಟಳು ಅಂತ ಇಲ್ಲಿ ಈಗಲೂ ಕಥೆ ಹೇಳುತ್ತಾರೆ. ಸಿಪ್ಪೆಯನ್ನು ಉಜ್ಜಿ ಗೀರು ಬೀಳಿಸಿದರೆ ಮೊಳೆಯುತ್ತದೆ ಅಂತ ನಾರ್ಟಿಯೆ ಕಂಡುಕೊಂಡರು.

ಲಾಭದ ಮಾತು ಬಹಳ ತಡವಾಗಿ ಬಂತು. ತಮ್ಮ ಜ್ಞಾನದ ಮೇಲೆ ನಿಂತ ಉದ್ಯಮದಲ್ಲಿ ತಮಗೂ ಪಾಲು ಬೇಕು ಅಂತ ಸಾನ್ ಮತ್ತು ಖೋಯ್ ಸಂಘಟನೆಗಳು ವರ್ಷಗಟ್ಟಲೆ ಮಾತುಕತೆ ನಡೆಸಿದವು. 2019ರಲ್ಲಿ ಒಪ್ಪಂದವಾಯಿತು, ರೈತನಿಗೆ ಸಿಗುವ ಬೆಲೆಯ ಶೇ. 1.5ರಷ್ಟನ್ನು ಸಂಸ್ಕರಣೆ ಮಾಡುವವರು ಈ ಸಮುದಾಯಗಳಿಗೆ ಕೊಡಬೇಕು ಅಂತ. ನನಗೆ ಕೇಳಿದರೆ ಅದು ಕಡಿಮೆಯೇ, ಆದರೆ ಇಡೀ ಒಂದು ಉದ್ಯಮ ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. 2021ರಲ್ಲಿ ಯುರೋಪಿಯನ್ ಯೂನಿಯನ್ ರೂಯಿಬೊಸ್ ಹೆಸರಿಗೆ ರಕ್ಷಣೆ ಕೊಟ್ಟಿತು, ಇಲ್ಲಿ ಬೆಳೆದದ್ದಕ್ಕೆ ಮಾತ್ರ ಅಲ್ಲಿ ಆ ಹೆಸರು ಇಡಬಹುದು. ಕೊಳ್ಳುವಾಗ ವುಪರ್ಟಾಲ್, ನ್ಯೂವೌಟ್‌ವಿಲ್ ಕಡೆಯ ಸಣ್ಣ ರೈತರ ಸಹಕಾರ ಸಂಘದ ಎಲೆ ಸಿಕ್ಕರೆ ದಯವಿಟ್ಟು ಅದನ್ನೇ ತೆಗೆದುಕೊಳ್ಳಿ.

ಮೂಡಿಗೆರೆ_ತೋಟ

ಇಷ್ಟು ಗೊತ್ತಾದ ಮೇಲೆ ಕುಡಿಯುವಾಗ ಇನ್ನೂ ರುಚಿಸುತ್ತದೆ. ಧನ್ಯವಾದ ಅಮ್ಮ.

ತುಂಗಾತೀರ (ಬೆಂಗಳೂರು)

ಬರಿಸ್ತಾ ಸರ್ ಹೇಳಿದ ಹಾಗೆ ಎರಡು ಜರಡಿ ಹಿಡಿದು, ಎರಡು ತಳದ ಬಾಸ್ಕೆಟ್ ಹಾಕಿ, ನಡುವೆ ಪಂಪ್ ನಿಲ್ಲಿಸಿ ತೆಗೆದೆ. ಗಾಢ ಇಟ್ಟಿಗೆ ಕೆಂಪು, ಮೇಲೆ ಹೊಂಬಣ್ಣದ ನೊರೆ. 60 ಮಿ.ಲೀ.ಗೆ ನೂರು ಮಿ.ಲೀ. ಹಾಲು ಹಾಕಿದರೂ ರುಚಿ ಎದ್ದು ನಿಂತಿದೆ. ಸಕ್ಕರೆ ಬೇಕೆನಿಸಲಿಲ್ಲ. ಮನೆಯವರೂ ಕುಡಿದು ಇನ್ನೊಂದು ಕಪ್ ಕೇಳಿದರು. ಹಾಲು ಮಾತ್ರ ಕುದಿಸಬಾರದು ಅಂತ ಗೊತ್ತಾಯಿತು, ಕುದಿಸಿದ ಹಾಲಿನ ಕೆನೆ ವಾಸನೆ ಇದರ ಘಮವನ್ನು ಮುಚ್ಚುತ್ತದೆ. ಕೈಗೆ ತಡೆಯಲಾರದಷ್ಟು ಬಿಸಿಯಾದ ಕೂಡಲೇ ಸ್ಟೀಮ್ ನಿಲ್ಲಿಸಿದರೆ ಸರಿ.

ಈಗ ಒಂದೇ ಸಂದೇಹ. ಬೆಳಿಗ್ಗೆ ಇದೇ ಮೆಷಿನ್‌ನಲ್ಲಿ ಕಾಫಿ, ಸಂಜೆ ರೂಯಿಬೊಸ್. ಒಂದರ ವಾಸನೆ ಇನ್ನೊಂದಕ್ಕೆ ಹತ್ತುತ್ತಿದೆ.

ಜಯನಗರ_ಬರಿಸ್ತಾ

ಬಾಸ್ಕೆಟ್ ಎರಡಕ್ಕೂ ಬೇರೆ ಬೇರೆ ಇಟ್ಟುಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕಾಫಿಯ ಎಣ್ಣೆ ಮೇಲಿನ ಜಾಲರಿಗೆ ಅಂಟಿರುತ್ತದೆ, ಅದಕ್ಕೆ ಸಂಜೆ ರೂಯಿಬೊಸ್‌ಗೆ ಮುಂಚೆ ಬ್ರಷ್‌ನಿಂದ ಉಜ್ಜಿ ಖಾಲಿ ಬಿಸಿನೀರು ಎರಡು ಬಾರಿ ಹಾಯಿಸಿ. ರೂಯಿಬೊಸ್ ಆದ ಮೇಲೂ ಹಾಗೇ ಮಾಡಿ, ಸೂಜಿ ಎಲೆ ಜಾಲರಿಯ ಸಂದಿಗೆ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಗ್ಯಾಸ್ಕೆಟ್ ಕೆಂಪಾದರೆ ಚಿಂತೆ ಬೇಡ, ಬಣ್ಣ ಅಷ್ಟೇ. ಎಲೆ ಕೊಳ್ಳುವಾಗ ಡಬ್ಬದ ಹಿಂದೆ ಪದಾರ್ಥಗಳ ಪಟ್ಟಿ ಓದಿ. ರೂಯಿಬೊಸ್ ಹೆಸರಿನ ಕೆಲವು ಮಿಶ್ರಣಗಳಲ್ಲಿ ಕಪ್ಪು ಚಹಾ ಅಥವಾ ಹಸಿರು ಚಹಾ ಸೇರಿರುತ್ತದೆ, ಆಗ ಕೆಫೀನ್ ಬಂದೇ ಬರುತ್ತದೆ.

ಕರಾವಳಿ_ಕಷಾಯ (ಉಡುಪಿ)

ಮಗಳು ತಂದುಕೊಟ್ಟಳು, ಕುದಿಸಿ ಕುಡಿದೆ. ಶುಂಠಿ ಜಜ್ಜಿ ಹಾಕಿ, ಏಲಕ್ಕಿ ಎರಡು, ಓಲೆ ಬೆಲ್ಲ ಚೂರು. ಒಳ್ಳೆದುಂಟು. ನಮ್ಮ ಕಷಾಯ ಬಿಡುವುದಿಲ್ಲ, ಇದನ್ನೂ ಇಟ್ಟುಕೊಳ್ಳುತ್ತೇನೆ.

ಧಾರವಾಡ_ಫೇಡೆ

ಚಿಕೋರಿ ತಂದು ಫಿಲ್ಟರಿನ್ಯಾಗ ಮಾಡಿದೆ, ಭಾಳ ಛಲೋ ಬಂತ್ರಿ. ಇಲ್ಲೆ ಈಗ ಬಿಸಿಲು ಭಾಳ. ಇದನ್ನ ತಣ್ಣಗ ಮಾಡಿ ಕುಡಿಯೂದು ಹ್ಯಾಂಗ್ರಿ?

ಟೇಬಲ್‌ಮೌಂಟನ್_ಕನ್ನಡತಿ (ಕೇಪ್‌ಟೌನ್)

ತಣ್ಣಗೆ ಮಾಡುವಾಗ ಚಿಕೋರಿ ಬಿಡಿ ಅಕ್ಕ, ಬರೀ ಎಲೆ ಕುದಿಸಿದ್ದು ಸಾಕು. ಬಿಸಿ ಇರುವಾಗಲೇ ಜೇನು ಅಥವಾ ಬೆಲ್ಲ ಕರಗಿಸಿ, ಆರಿದ ಮೇಲೆ ಅರ್ಧವನ್ನು ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿಡಿ. ಉಳಿದರ್ಧ ಫ್ರಿಜ್‌ನಲ್ಲಿರಲಿ. ಕುಡಿಯುವ ಹೊತ್ತಿಗೆ ಗ್ಲಾಸಿಗೆ ಆ ರೂಯಿಬೊಸ್ ಐಸನ್ನೇ ಹಾಕಿ, ಮೇಲೆ ತಣ್ಣಗಿನ ಡಿಕಾಕ್ಷನ್, ಒಂದು ಹೋಳು ನಿಂಬೆ, ಬೇಕಿದ್ದರೆ ಸೇಬಿನ ರಸ. ಐಸ್ ಕರಗಿದರೂ ನೀರಾಗುವುದಿಲ್ಲ. ಹಾಲಿನದ್ದೇ ಬೇಕಾದರೆ ನಿಂಬೆ ಬಿಟ್ಟು ತಣ್ಣಗಿನ ಹಾಲು ಸುರಿಯಿರಿ, ಐಸ್ ಕರಗಿದಷ್ಟೂ ರುಚಿ ಗಟ್ಟಿಯಾಗುತ್ತಾ ಹೋಗುತ್ತದೆ.